ಮೊಳೆಯ ಮೇಲಿನ ಕೀಲಿ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರನ್ನು ಯಾರೂ ಕಂಡಿಲ್ಲ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಬಾಯಲ್ಲೂ ಅವನು ‘ಒಂದುಮಾತು’. ಬೀಗ ರಿಪೇರಿಯವನು. ಅಂಗಡಿಗೆ ಬಂದವರಿಗೆ ಬೆಲೆ ಒಂದು ಸಲ ಹೇಳುತ್ತಿದ್ದ. “ಸ್ವಲ್ಪ ನೋಡಿ ಹೇಳಿ” ಎಂದರೆ ಬೀಗವನ್ನು ತಿರುಗಿಸಿ ಮುರುಗಿಸಿ ನೋಡಿ ಅದೇ ಬೆಲೆಯನ್ನು ಇನ್ನೊಂದು ಸಲ ಹೇಳುತ್ತಿದ್ದ. ಮೂರನೆಯ ಸಲ ಕೇಳಿದವರಿಗೆ ಬೀದಿ ತೋರಿಸುತ್ತಿದ್ದ. ಕೋಪ ಮೂಗಿನ ತುದಿಯಲ್ಲಿ ಎನ್ನುತ್ತಾರಲ್ಲ, ಇವನಿಗೆ ಮೂಗು ಇದ್ದದ್ದೇ ಕೋಪ ಇಟ್ಟುಕೊಳ್ಳುವುದಕ್ಕೆ.

ಅಂಗಡಿಯೆಂದರೆ ಕೈ ಚಾಚಿದರೆ ಎರಡೂ ಗೋಡೆ ತಾಕುವಷ್ಟು ಜಾಗ. ಒಂದು ಮರದ ಮೇಜು, ಅದರ ಅಂಚಿಗೆ ಬಿಗಿದ, ಬೀಗವನ್ನು ಕಚ್ಚಿ ಹಿಡಿಯುವ ವೈಸು, ವೈಸಿನ ಕೆಳಗೆ ಗುಡಿಸಿದರೂ ಹೋಗದ ಹಿತ್ತಾಳೆಯ ಪುಡಿ. ಅವನು ಕೂರುವ ಸ್ಟೂಲಿನ ಹಿಂದೆ, ತಲೆಗಿಂತ ಒಂದು ಗೇಣು ಮೇಲೆ, ಗೋಡೆಗೆ ಹೊಡೆದ ಒಂದು ದಪ್ಪ ಮೊಳೆ. ಅದನ್ನು ಹೊಡೆದವನು ಅವನ ಅಪ್ಪ. ಅಪ್ಪನ ಕಾಲದಲ್ಲಿ ಬೀಗ ಕೊಂಡವರ ಕೈಯಲ್ಲಿ ಅಂದೇ ದುಡ್ಡಿಲ್ಲದಿದ್ದರೆ ಅಪ್ಪ ಸುಮ್ಮನೆ ಬೀಗ ಕೊಟ್ಟು ಕಳಿಸುತ್ತಿದ್ದ. ಕೀಲಿ ಮಾತ್ರ ಮೊಳೆಯ ಮೇಲೆ ಉಳಿಯುತ್ತಿತ್ತು. “ಬಾಕಿದಾರನ್ನ ನಾವ್ಯಾಕೆ ಹುಡುಕ್ಕೊಂಡು ಹೋಗ್ಬೇಕು? ಅವನ ಬೀಗವೇ ಅವನ ಕತ್ತು ಹಿಡ್ಕೊಂಡು ಬರುತ್ತೆ” ಎನ್ನುತ್ತಿದ್ದ ಆ ಮುದುಕ. ಹೆಂಡತಿಗೆ ಸುಳ್ಳು ಹೇಳಿ ನಿದ್ದೆ ಮಾಡಿದವರುಂಟು, ಕೀಲಿಯಿಲ್ಲದ ಬೀಗ ಮನೆಯಲ್ಲಿಟ್ಟುಕೊಂಡು ನಿದ್ದೆ ಮಾಡಿದವರಿಲ್ಲ ಎಂಬುದು ಆತನ ಸಿದ್ಧಾಂತ. ಆತ ಸಾಯುವಾಗ ಆ ಮೊಳೆ ಖಾಲಿಯಾಗಿತ್ತು.

ಮಗನ ಕಾಲಕ್ಕೆ ಬೀಗದ ವ್ಯಾಪಾರ ಸೊರಗಿತು. ಬಾಗಿಲುಗಳಿಗೆ ನಂಬರು ಬಂತು, ಕಾರ್ಡು ಬಂತು, ಬೆರಳಿಟ್ಟರೆ ತೆರೆಯುವ ಕಾಲವೂ ಬಂತು. ಬೀದಿಯಲ್ಲಿ ಹೋಗುವವರು ಅವನ ಅಂಗಡಿಯೊಳಗೆ ಇಣುಕಿ, ಎಂಥದೋ ಹಳೆಯ ಗುಹೆ ಕಂಡವರಂತೆ ಮುಂದೆ ಸಾಗುತ್ತಿದ್ದರು. ಆಗ ದಾರಿ ತೋರಿಸಿದ್ದು ಅಕ್ಕ.

ಅಕ್ಕ ಅಂಗಡಿಯ ಮೇಲಿನ ಕೋಣೆಯಲ್ಲಿದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆ ಬಂದು ನೆಲೆಸಿದವಳು. ಬಟ್ಟೆ ಹೊಲಿದು ಹೊಲಿದು ಕಣ್ಣು ಮಂಜಾಗಿ ಸೂಜಿ ಬಿಟ್ಟಿದ್ದಳು, ಫೋನಿನ ಅಕ್ಷರ ಹೆಬ್ಬೆರಳಿನಷ್ಟು ದೊಡ್ಡದು ಮಾಡಿಕೊಂಡು ಅದನ್ನು ಹಿಡಿದಿದ್ದಳು. ಹರಾಜಿನ ಸೈಟು ಎಂಬುದೊಂದಿದೆ, ಅಲ್ಲಿ ಹಳೆಯ ಬೀಗಕ್ಕೆ ಪ್ರಾಣ ಬಿಡುವವರಿದ್ದಾರೆ ಎಂದು ಪತ್ತೆ ಮಾಡಿದವಳು ಅವಳೇ. ಗುಜರಿಯಿಂದ ತಂದ ತುಕ್ಕು ಬೀಗವನ್ನು ತಮ್ಮ ಬಿಚ್ಚಿ, ಉಜ್ಜಿ, ಸ್ಪ್ರಿಂಗ್ ಹಾಕಿ, ಕೀಲಿಯನ್ನು ಅರದಲ್ಲಿ ತೀಡಿ ಜೀವ ಕೊಡುವುದು. ಅಕ್ಕ ಅದನ್ನು ತನ್ನ ಹಳೆಯ ಕಪ್ಪು ಲಂಗದ ಮೇಲಿಟ್ಟು ಫೋಟೋ ಹಿಡಿಯುವುದು. ಎಲ್ಲೆಲ್ಲಿಯವರೋ ಸವಾಲು ಕೂಗುತ್ತಿದ್ದರು. ದುಡ್ಡು ಬಂದ ಮೇಲೆ ಬೀಗ ಒಂದು ದಿನ, ಕೀಲಿ ಮಾರನೆಯ ದಿನ, ಬೇರೆ ಬೇರೆ ಪೊಟ್ಟಣದಲ್ಲಿ ಹೊರಡುತ್ತಿದ್ದವು. ದಾರಿಯಲ್ಲಿ ಕದ್ದವನಿಗೆ ಯಾವುದೂ ದಕ್ಕಬಾರದು! ಕೊಂಡವರಿಗೆ ಇದೇ ಬಹಳ ಇಷ್ಟವಾಗಿ, ಹೊಗಳಿ ಬರೆದು ನಕ್ಷತ್ರ ಕೊಟ್ಟರು. ಗುಹೆಗೆ ಬೆಳಕು ಬಂತು.

ಸೈಟಿನವರ ಕಮಿಷನ್ ಅವನಿಗೆ ಹಿಡಿಸುತ್ತಿರಲಿಲ್ಲ. ಮಾಲು ಇಡಲು ಒಂದು, ಹರಾಜು ಮುಗಿದರೆ ಒಂದು, ಫೋಟೋ ಮೇಲಕ್ಕೆ ತೋರಿಸಲು ಮತ್ತೊಂದು. “ಮೇವು ನಾವು ಹಾಕೋದು, ಹಾಲು ಅವರು ಕರ್ಕೊಳ್ಳೋದು” ಎಂದು ಬೈಯುತ್ತಲೇ ಕೊಡುತ್ತಿದ್ದ. ಸಂತೆಯಲ್ಲಿ ಕೂತ ಮೇಲೆ ಸುಂಕ ತಪ್ಪೀತೇ ಎಂಬ ನ್ಯಾಯ ಅವನಿಗೂ ಗೊತ್ತಿತ್ತು. ಅವನ ನೆತ್ತಿಗೇರಿದ್ದು ಬೇರೆ ವಿಷಯ. ಕೆಲವರು ಜೋರಾಗಿ ಕೂಗಿ ಬೀಗ ಗೆಲ್ಲುತ್ತಿದ್ದರು, ಆಮೇಲೆ ದುಡ್ಡು ಕಟ್ಟದೆ ಮಾಯವಾಗುತ್ತಿದ್ದರು. ದುಡ್ಡು ಬರದಿದ್ದರೂ ಸೈಟಿನವರು ಕಮಿಷನ್ ಹಿಡಿದುಕೊಳ್ಳುತ್ತಿದ್ದರು. ಅದು ವಾಪಸ್ ಬೇಕೆಂದರೆ ಮಾರಿದವನು ಹರಾಜನ್ನು ರದ್ದು ಮಾಡಬೇಕು. ರದ್ದು ಮಾಡಲು ಅಲ್ಲಿ ಮೂರೇ ಕಾರಣಗಳಿದ್ದವು: ಮಾಲು ಒಡೆದಿದೆ, ಮಾಲು ಕಳೆದಿದೆ, ಇಬ್ಬರೂ ಒಪ್ಪಿ ಕೈಬಿಟ್ಟಿದ್ದೇವೆ. ಕೊಂಡವನು ದುಡ್ಡು ಕೊಡಲಿಲ್ಲ ಎಂಬ ಕಾರಣ ಅಲ್ಲಿರಲೇ ಇಲ್ಲ.

ಮೊದಲ ಸಲ ಹಾಗಾದಾಗ ಅವನು ಸೈಟಿನವರಿಗೆ ಫೋನು ಹಚ್ಚಿಸಿದ. ಆ ಕಡೆಯ ಹುಡುಗಿ ಜೇನಿನಂತೆ ಮಾತಾಡಿದಳು.

“ಸರ್, ‘ಇಬ್ಬರೂ ಒಪ್ಪಿ’ ಅನ್ನೋದನ್ನ ಒತ್ತಿಬಿಡಿ. ಎಲ್ರೂ ಅದನ್ನೇ ಒತ್ತೋದು.”

“ನಾನು ಒಪ್ಪಿಲ್ಲವಲ್ಲಮ್ಮ.”

“ಅದು ಸುಮ್ನೆ ಒಂದು ಬಟನ್ ಸರ್.”

“ಸುಮ್ನೆ ಬಟನ್ ಆದ್ರೆ ನೀವೇ ಒತ್ಕೊಳ್ಳಿ. ಅವನು ಮೋಸ ಮಾಡಿದ, ನಾನು ಒಪ್ಪಿದೆ ಅಂತ ಯಾಕೆ ಹೇಳ್ಬೇಕು? ಹೆತ್ತಿದ್ದಕ್ಕೆ ಕಮಿಷನ್ ತಗೊಳ್ಳಿ, ಬೇಡ ಅನ್ನಲ್ಲ. ಹೆರದೇ ಇರೋದಕ್ಕೂ ತೊಟ್ಟಿಲು ಬಾಡಿಗೆನಾ?”

ಹುಡುಗಿ ಆ ಕಡೆ ಕಿಸಕ್ಕೆಂದು ನಕ್ಕು ತಕ್ಷಣ “ಕ್ಷಮಿಸಿ ಸರ್” ಎಂದಳು. ಅವನು ಒತ್ತಲಿಲ್ಲ. ಕಮಿಷನ್ ಹೋಯಿತು. ಅದರ ಮೇಲೆ, ಹರಾಜನ್ನು ಅರ್ಧಕ್ಕೆ ಬಿಟ್ಟನೆಂದು ಅವನ ಖಾತೆಗೇ ಒಂದು ಕೆಂಪು ಗುರುತು ಬಿತ್ತು. ಕೆಲವು ತಿಂಗಳ ಮೇಲೆ ಇನ್ನೊಬ್ಬ ಹಾಗೇ ಮಾಡಿದ. ಎರಡನೆಯ ಗುರುತು. ಮೂರಾದರೆ ಖಾತೆ ಬಂದ್.

“ಮೂರನೇದು ಬಿದ್ರೆ ನಾವು ಗೋಡೆ ನೋಡ್ಕೊಂಡು ಕೂರ್ಬೇಕು, ನೆನಪಿರ್ಲಿ” ಎಂದಳು ಅಕ್ಕ. “ಬೀದಿಯಿಂದ ಒಂದು ಗಿರಾಕಿ ಬಂದು ಎಷ್ಟು ದಿನ ಆಯ್ತು ಹೇಳು? ಒಂದು ಬಟನ್‌ಗೆ ಇಷ್ಟು ಹಟ ಯಾಕೋ? ನಿನ್ನ ಮಾತು ಇಲ್ಲಿ ಬೀದಿಲಿ ನಡೀತದೆ. ಅಲ್ಲಿ ಯಾರಿಗೆ ಗೊತ್ತು ನೀನು ಒಂದುಮಾತು ಅಂತ?”

“ನಂಗೆ ಗೊತ್ತಲ್ಲಕ್ಕ” ಎಂದು ಅವನು ಅರ ತೆಗೆದುಕೊಂಡು ಕೂತ.

ಅಂಥ ಹೊತ್ತಿನಲ್ಲಿ ಬಂದದ್ದು ಆ ದೊಡ್ಡ ಬೀಗ. ಯಾವುದೋ ಉಗ್ರಾಣ ಕೆಡವಿದಾಗ ಗುಜರಿಗೆ ಬಿದ್ದದ್ದು. ಎರಡು ಕೈಯಲ್ಲಿ ಎತ್ತಬೇಕು, ಹೊಟ್ಟೆ ಕಬ್ಬಿಣ, ಮುಖ ಹಿತ್ತಾಳೆ, ಮುಖದ ಮೇಲೆ ಬಾಯಿ ಮುಚ್ಚುವ ಒಂದು ಪುಟ್ಟ ಮುಚ್ಚಳ. ಒಳಗೆ ಎಲ್ಲ ಪುಡಿ. ಬೇಸಿಗೆಯಿಡೀ ಅವನು ಅದರ ಜೊತೆ ಕೂತ, ಬೈದ, ಮುನಿಸಿಕೊಂಡ, ಮತ್ತೆ ಕೂತ. ಒಂದು ಮಧ್ಯಾಹ್ನ ಕೊಂಡಿಯನ್ನು ಒತ್ತಿದರೆ ‘ಕಟಕ್’ ಎಂದು ತಾನಾಗಿ ಹಾಕಿಕೊಂಡಿತು. ಹಾಕಲು ಕೀಲಿ ಬೇಡ, ತೆಗೆಯಲು ಮಾತ್ರ ಬೇಕು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿದರೆ ಮೊಲದಂತೆ ಜಿಗಿದು ತೆರೆಯಿತು. ಅವನು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ: “ಅಕ್ಕಾ! ಲಂಗ ತಗೊಂಬಾ!”

ಎದುರಿನ ಕನ್ನಡಕದ ಅಂಗಡಿಯವನು ಬೆಚ್ಚಿ ಹೊರಗೆ ಬಂದು ನೋಡಿದ.

ಹರಾಜಿನಲ್ಲಿ ಸವಾಲು ಏರುತ್ತ ಏರುತ್ತ ಅಕ್ಕ ಕನ್ನಡಕ ಒರೆಸಿಕೊಂಡು ಮತ್ತೆ ಓದುವ ಮಟ್ಟಕ್ಕೆ ಹೋಯಿತು. ಗೆದ್ದವನು ತನ್ನನ್ನು ‘ಹದ್ದಿನಕಣ್ಣು’ ಎಂದು ಕರೆದುಕೊಂಡಿದ್ದ. ಗೆದ್ದ ದಿನ “ನಾಳೆ ಕಟ್ತೀನಿ” ಎಂದು ಬರೆದ. ನಾಳೆ ಆಯಿತು. ಬ್ಯಾಂಕು ಮುಚ್ಚಿದೆ ಎಂದ. ಆಮೇಲೆ ಜ್ವರ, ಆಮೇಲೆ ಪ್ರಯಾಣ, ಆಮೇಲೆ ಫೋನು ನೀರಿಗೆ ಬಿತ್ತು ಎಂದು ಅದೇ ಫೋನಿನಿಂದ ಬರೆದ.

“ಇವನ ನಾಳೆ ಯಾವ ಕ್ಯಾಲೆಂಡರ್‌ನಲ್ಲೂ ಇಲ್ಲ” ಎಂದಳು ಅಕ್ಕ. “ಒತ್ತಿಬಿಡ್ಲಾ? ನಿನ್ನ ಕೈಲಿ ಬೇಡ, ನಾನೇ ಒತ್ತೀನಿ. ಪಾಪ ನನಗಿರ್ಲಿ.”

“ಖಾತೆ ಯಾರ ಹೆಸರಲ್ಲಿದೆ?”

“ನಿನ್ನದೇ.”

“ಹಾಗಾದ್ರೆ ಪಾಪನೂ ನಂದೇ. ಒತ್ಬೇಡ.”

ಆ ದಿನ ಅಕ್ಕ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾಗ ಅವನು ಒಂದು ಕೆಲಸ ಮಾಡಿದ. ದೊಡ್ಡ ಬೀಗವನ್ನು ಕೊಂಡಿ ತೆರೆದಂತೆಯೇ ಹಳೆಯ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಹದ್ದಿನಕಣ್ಣಿನ ವಿಳಾಸ ಬರೆದು ಪಾರ್ಸೆಲ್ ಆಫೀಸಿಗೆ ಕೊಟ್ಟು ಬಂದ. ಕೀಲಿಯನ್ನು ಅಪ್ಪನ ಮೊಳೆಗೆ ತಗುಲಿಸಿ ಅದರ ಕೆಳಗೆ ಕೂತ. ಬಹಳ ದಿನದ ಮೇಲೆ ಅವನ ಬೆನ್ನು ನೆಟ್ಟಗಾಗಿತ್ತು.

ಅಕ್ಕ ಬಂದು ಖಾಲಿ ಮೇಜು ನೋಡಿದಳು, ಮೊಳೆ ನೋಡಿದಳು, ತಮ್ಮನ ಮುಖ ನೋಡಿದಳು.

“ದುಡ್ಡು ಕೊಡದವನಿಗೆ ಬೀಗ ಕಳಿಸಿದ್ಯಾ?”

“ಅಪ್ಪ ಕಳಿಸ್ತಿರ್ಲಿಲ್ವಾ?”

“ಅಪ್ಪ ಕಳಿಸ್ತಿದ್ದಿದ್ದು ಎದುರು ಮನೆಗೋ, ಪಕ್ಕದ ಓಣಿಗೋ! ಇವನು ಯಾರು, ಎಲ್ಲಿಯವನು, ಹದ್ದೋ ಗೂಬೆಯೋ! ಒಂದು ಬೇಸಿಗೆ ಪೂರ್ತಿ ಸವೆಸಿದ್ದನ್ನ ಹೊಳೆಗೆ ಹಾಕಿದಂಗಾಯ್ತಲ್ಲೋ. ಹೊಳೆಗೆ ಹಾಕಿದ್ರೆ ಒಂದು ಸದ್ದಾದ್ರೂ ಕೇಳಿಸ್ತಿತ್ತು!”

ಸದ್ದು ಕೇಳಿಸಿತು. ಪಾರ್ಸೆಲ್ ತಲುಪಿದ ಮೇಲೆ ಹದ್ದಿನಕಣ್ಣು ದುಡ್ಡು ಕಟ್ಟಲಿಲ್ಲ, ದೂರು ಕೊಟ್ಟ: ‘ಕೀಲಿ ಇಲ್ಲದ ಅರ್ಧ ಮಾಲು ಕಳಿಸಿದ್ದಾರೆ. ಮೋಸಗಾರ.’ ಮೂರನೆಯ ಕೆಂಪು ಗುರುತು ಬಿತ್ತು. ವಿಚಾರಣೆ ಮುಗಿಯುವವರೆಗೆ ಖಾತೆ ಬಂದ್, ಕೊಂಡವರ ಸಂದೇಶ ಬರುವುದೂ ಹೋಗುವುದೂ ಬಂದ್. ‘ಇಬ್ಬರೂ ಒಪ್ಪಿ’ ಎಂದು ಈಗಲೂ ಒತ್ತಿದರೆ ವಿಚಾರಣೆ ಕೈಬಿಡುತ್ತೇವೆ ಎಂದು ಸೈಟಿನವರು ಸೇರಿಸಿದ್ದರು.

ಮೋಸಗಾರ ಎಂಬ ಆ ಮಾತನ್ನು ಅಕ್ಕ ಓದಿ ಹೇಳಿದಾಗ ಅವನು ಎದ್ದು ನಿಂತ. ಸ್ಟೂಲು ಹಿಂದಕ್ಕೆ ಬಿತ್ತು. ಮುಖ ಕಾದ ಕಬ್ಬಿಣವಾಯಿತು. ಬೈಯುತ್ತಾನೆಂದು ಅಕ್ಕ ಕಾದಳು. ಅವನು ಸ್ಟೂಲು ಎತ್ತಿ ನಿಲ್ಲಿಸಿ, ಅದರ ಮೇಲೆ ಕೂತು, ಗುಜರಿಯಲ್ಲಿ ಸಿಕ್ಕ ಒಂದು ಸಣ್ಣ ಬೀಗವನ್ನು ವೈಸಿಗೆ ಸಿಕ್ಕಿಸಿದ.

“ಯಾರಿಗೆ ಮಾರೋಕೆ ಅದನ್ನ ಉಜ್ತಿದ್ದೀಯ?” ಎಂದಳು ಅಕ್ಕ.

“ಬೀಗಕ್ಕೆ ಗೊತ್ತಾ ಖಾತೆ ಬಂದ್ ಆಗಿದೆ ಅಂತ? ತುಕ್ಕು ಅದರ ಪಾಡಿಗೆ ಅದು ಹಿಡೀತಾ ಇರುತ್ತೆ.”

ಆ ವಾರ ಗುಹೆಗೆ ಮತ್ತೆ ಕತ್ತಲೆ ಬಂತು. ಅಕ್ಕ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟದ್ದನ್ನು ತೆಗೆದು ದಿನಸಿ ತಂದಳು. ಅದೇ ಅವನಿಗೆ ಕಷ್ಟವಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಎದುರಿನ ಕನ್ನಡಕದವನು ಬಾಗಿಲಿಗೆ ಬಂದು ಒರಗಿಕೊಂಡ.

“ಏನ್ರೀ ಒಂದುಮಾತು, ಆ ಮೊಳೆಗೆ ಏನು ಅಲಂಕಾರ ಮಾಡಿದ್ದೀರಿ? ಕೀಲಿ ಇಲ್ಲಿ, ಬೀಗ ಎಲ್ಲೋ. ಗಂಡ ಒಂದೂರು ಹೆಂಡತಿ ಒಂದೂರು ಆಯ್ತಲ್ಲ!”

“ಬರ್ತಾನೆ.”

“ಯಾರು?”

“ಬೀಗ ಕರ್ಕೊಂಡು ಬರುತ್ತೆ.”

“ಕಣ್ಣು ಟೆಸ್ಟ್ ಮಾಡೋ ಹಾಗೆ ತಲೆ ಟೆಸ್ಟ್ ಮಾಡೋ ಮಿಷಿನ್ ನನ್ನ ಹತ್ರ ಇಲ್ಲ, ಇದ್ದಿದ್ರೆ ನಿಮಗೆ ಬಿಟ್ಟಿ ಮಾಡ್ತಿದ್ದೆ” ಎಂದು ಅವನು ನಗುತ್ತ ರಸ್ತೆ ದಾಟಿದ.

ಬಂದದ್ದು ಸಂಜೆಯ ಬಿಸಿಲಿನಲ್ಲಿ. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿಕೊಂಡಿದ್ದ ಒಬ್ಬ ಉದ್ದನೆಯ ಮನುಷ್ಯ ಬೀದಿಯ ಆಚೆ ನಿಂತು ಬೋರ್ಡುಗಳನ್ನು ಓದುತ್ತಿದ್ದ. ಕನ್ನಡಕದವನೇ ಕೈ ತೋರಿಸಿದ. ಆ ಮನುಷ್ಯ ಒಳಗೆ ಬಂದು ಮೊದಲು ನೋಡಿದ್ದು ಒಂದುಮಾತಿನ ಮುಖವನ್ನಲ್ಲ, ಅವನ ತಲೆಯ ಮೇಲೆ ಮೊಳೆಗೆ ತೂಗುತ್ತಿದ್ದ ಕೀಲಿಯನ್ನು. ಅಷ್ಟು ಸಾಕಾಯಿತು.

“ಹದ್ದಿನಕಣ್ಣು” ಎಂದ ಒಂದುಮಾತು.

“ಏನ್ ಯಜಮಾನ್ರೇ ಇದು ನಿಮ್ಮ ವ್ಯಾಪಾರ! ಸಂದೇಶ ಕಳಿಸಿದ್ರೆ ಹೋಗಲ್ಲ, ಸೈಟಿನವರನ್ನ ಕೇಳಿದ್ರೆ ಮಾರಿದವರನ್ನೇ ಕೇಳಿ ಅಂತಾರೆ. ಪೆಟ್ಟಿಗೆ ಮೇಲಿದ್ದ ವಿಳಾಸ ಹಿಡ್ಕೊಂಡು ಬಸ್ಸಲ್ಲಿ ಅರ್ಧ ದಿನ ನಿಂತು ಬಂದಿದ್ದೀನಿ!”

“ನೀವೇ ದೂರು ಕೊಟ್ಟು ನನ್ನ ಬಾಯಿ ಮುಚ್ಚಿಸಿದ್ದು. ಮುಚ್ಚಿದ ಬಾಯಿಗೆ ಸಂದೇಶ ಕಳಿಸಿದ್ರೆ ಹೋಗುತ್ತಾ?”

ಮೆಟ್ಟಿಲ ಮೇಲೆ ಅಕ್ಕನ ಹೆಜ್ಜೆ ಸದ್ದಾಯಿತು. ಅವಳು ಕೊನೆಯ ಮೆಟ್ಟಿಲ ಮೇಲೆ ಕೂತಳು. ನಾಟಕಕ್ಕೆ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕವಳಂತೆ.

ಕತೆ ಚೂರುಚೂರಾಗಿ ಹೊರಬಂತು. ಹದ್ದಿನಕಣ್ಣಿಗೆ ಕುರ್ಚಿ, ಮೈಕು ಬಾಡಿಗೆಗೆ ಕೊಡುವ ಕೆಲಸ. ಹರಾಜಿನಲ್ಲಿ ಕೈಯಲ್ಲಿಲ್ಲದ ದುಡ್ಡಿಗೆ ಕೂಗಿ ಗೆಲ್ಲುವುದು, ಗೆದ್ದ ಮಾಲಿನ ಫೋಟೋ ತೋರಿಸಿ ಇನ್ನೊಬ್ಬನ ಹತ್ತಿರ ಮುಂಗಡ ಹಿಡಿಯುವುದು, ಗಿರಾಕಿ ಸಿಕ್ಕರೆ ಕಟ್ಟುವುದು, ಸಿಗದಿದ್ದರೆ ಮಾಯವಾಗುವುದು ಅವನ ಉಪಕಸುಬು. ದೊಡ್ಡ ಬೀಗ ಪುಕ್ಕಟೆ ಮನೆಗೆ ಬಂದಾಗ ಹಿಗ್ಗಿಹೋದ, ದುಡ್ಡು ಕಟ್ಟುವುದು ತಪ್ಪಲೆಂದು ದೂರು ಕೊಟ್ಟ. ಕೀಲಿ ಯಾವನೋ ಮಾಡಿಕೊಡುತ್ತಾನೆ ಎಂದು ಗಿರಾಕಿಯಿಂದ ಮುಂಗಡವನ್ನೂ ಹಿಡಿದ. ಆಮೇಲೆ ತನ್ನ ಭಾವಮೈದನಿಗೆ ತೋರಿಸಲು ಹೋದ. ಹದ್ದಿನಕಣ್ಣು ಸಾಮಾನು ಇಡುವ ಗೋದಾಮು ಆ ಭಾವಮೈದನದು.

“‘ಇದರ ಗತ್ತು ನೋಡು’ ಅಂತ ಬಾಗಿಲಿಗೆ ತಗುಲಿಸಿದೆ.”

“ತಗುಲಿಸಿ?” ಎಂದಳು ಅಕ್ಕ.

“ಕೈ ತಾಕ್ತು. ಕಟಕ್ ಅಂತು.”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಂದುಮಾತು ನಗಲಿಲ್ಲ. ‘ಕಟಕ್’ ಎಂಬ ಆ ಸದ್ದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಸಿಕೊಂಡ. ತನ್ನ ಸ್ಪ್ರಿಂಗು ಗಟ್ಟಿಯಿತ್ತು.

“ಕುರ್ಚಿಯೆಲ್ಲ ಒಳಗೆ, ಮೈಕು ಒಳಗೆ. ನಾಡಿದ್ದು ಒಂದು ಸಭೆಗೆ ಒಪ್ಕೊಂಡಿದ್ದೀನಿ. ಬೀಗದವರು ಇಬ್ರು ಬಂದು ಕೈ ಚೆಲ್ಲಿದ್ರು. ಒಡೀಬೇಕಂದ್ರೆ ಬಾಗಿಲು ಭಾವಮೈದಂದು, ಬೀಗಕ್ಕೆ ಮುಂಗಡ ತಗೊಂಡಾಗಿದೆ. ಕೊಡಿ ಯಜಮಾನ್ರೇ ಕೀಲಿ. ಇಗೋ ದುಡ್ಡು.” ಅವನು ಕಂತೆ ತೆಗೆದು ಮೇಜಿನ ಮೇಲಿಟ್ಟ.

“ದುಡ್ಡು ಅರ್ಧ ಮಾತಾಯ್ತು” ಎಂದ ಒಂದುಮಾತು. “ನೀವು ಅಲ್ಲಿ ನನ್ನನ್ನ ಮೋಸಗಾರ ಅಂತ ಬರೆದಿದ್ದೀರಿ. ಎಲ್ಲಿ ಬರೆದ್ರೋ ಅಲ್ಲೇ ನಿಜ ಬರೀರಿ. ಆಮೇಲೆ ಕೀಲಿ.”

“ನಿಜ ಅಂದ್ರೆ?”

“ಕೂಗಿದೆ, ಗೆದ್ದೆ, ದುಡ್ಡು ಕೊಡಲಿಲ್ಲ. ಮೂರು ಮಾತು.”

ಹದ್ದಿನಕಣ್ಣು ಅಕ್ಕನ ಕಡೆ ನೋಡಿದ, ಬೀದಿಯ ಕಡೆ ನೋಡಿದ. ಜೇಬಿನಿಂದ ಇನ್ನೊಂದು ಕಂತೆ ತೆಗೆದು ಮೊದಲನೆಯದರ ಮೇಲಿಟ್ಟ. “ಡಬಲ್ ತಗೊಳ್ಳಿ. ಬರೆಯೋದೊಂದು ಬೇಡ.”

ಅಕ್ಕನ ಕಣ್ಣು ಕಂತೆಯ ಮೇಲೆ ಹೋಗಿ ಅಲ್ಲೇ ಕೂತಿತು. ಖಾಲಿ ಸಾಸಿವೆ ಡಬ್ಬಿ ಅವಳ ಕಣ್ಣಮುಂದೆ ಬಂದಿರಬೇಕು. ತಮ್ಮ ಅದನ್ನು ಕಂಡ. ಅವಳಿಗಾಗಿ ಒಂದು ಗಳಿಗೆ ಅವನ ಕೈ ತಡೆಯಿತು. ಆಮೇಲೆ ಆ ಎರಡನೆಯ ಕಂತೆಯನ್ನು ಎತ್ತಿ, ಬಂದವನ ಜೇಬಿಗೇ ತುರುಕಿದ.

“ಕೂಗಿದ ಬೆಲೆಗಿಂತ ಒಂದು ಕಾಸು ಹೆಚ್ಚು ಬೇಡ. ಒಂದು ಅಕ್ಷರ ಕಡಿಮೆನೂ ಬೇಡ.”

“ಅಲ್ರೀ, ಹಾಗೆ ಬರೆದ್ರೆ ನನ್ನ ಹೆಸರು ಕೆಡುತ್ತೆ!”

“ಹೆಸರೆಲ್ಲಿದೆ ನಿಮಗೆ? ಹದ್ದಿನಕಣ್ಣು! ಅದು ಹೆಸರೇನ್ರೀ? ನಿಮ್ಮಪ್ಪ ಇಟ್ಟಿದ್ದಾ? ಕೆಟ್ರೆ ನಾಳೆ ಗಿಣಿಮೂಗು ಅಂತ ಇನ್ನೊಂದು ಇಟ್ಕೋತೀರಿ. ನನಗೆ ಅಂಗಡಿ ಇದೊಂದೇ, ಮುಖ ಇದೊಂದೇ. ಬೇಡ ಅಂದ್ರೆ ಬಸ್ಸಿದೆ. ಸಭೆಯವರು ನಿಂತ್ಕೊಂಡೇ ಭಾಷಣ ಕೇಳ್ಲಿ, ಬೇಗ ಮುಗಿಯುತ್ತೆ!”

ಎದುರಿನ ಅಂಗಡಿಯಿಂದ ನಗು ಕೇಳಿಸಿತು. ಕನ್ನಡಕದವನು ಯಾವಾಗಲೋ ಬಾಗಿಲಿಗೆ ಬಂದು ನಿಂತಿದ್ದ.

ಹದ್ದಿನಕಣ್ಣು ಫೋನು ತೆಗೆದ. ಒತ್ತಿ ಒತ್ತಿ ಬರೆದು ಅಕ್ಕನ ಕೈಗೆ ಕೊಟ್ಟ. ಅಕ್ಕ ಅಕ್ಷರ ದೊಡ್ಡದು ಮಾಡಿಕೊಂಡು ಗಟ್ಟಿಯಾಗಿ ಓದಿದಳು: “‘ಕೆಲವು ಕಾರಣಗಳಿಂದ ಹಣ ಪಾವತಿ ತಡವಾಯಿತು.’”

“ತಡವಾಯಿತು ಅಲ್ಲ. ಕೊಡಲಿಲ್ಲ.”

ಮತ್ತೆ ಬರೆದ. “‘ಹಣ ಕೊಡಲಾಗಲಿಲ್ಲ.’”

“ಆಗಲಿಲ್ಲ ಅಂದ್ರೆ ಕೈಕಾಲು ಕಟ್ಟಿದ್ರಾ ಯಾರಾದ್ರೂ? ಕೊಡಲಿಲ್ಲ. ನಾಲ್ಕಕ್ಷರ. ಬರೀರಿ.”

ಬರೆದ. ದೂರು ಹಿಂತೆಗೆದುಕೊಂಡ. ಒಂದುಮಾತು ಸ್ಟೂಲಿನಿಂದ ಎದ್ದು ಕೀಲಿ ತೆಗೆದು, ಒರೆಸಿ, ಅಂಗೈ ಮೇಲಿಟ್ಟು ಕೊಟ್ಟ. “ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಜೋರು ಮಾಡ್ಬೇಡಿ. ಬೀಗ ಒಳ್ಳೇದು, ಸಿಕ್ಕ ಕೈ ಚೆನ್ನಾಗಿಲ್ಲ ಅಷ್ಟೆ.”

ಕೆಲವು ದಿನಕ್ಕೆ ಸೈಟಿನವರ ಅದೇ ಜೇನುಹುಡುಗಿ ಫೋನು ಮಾಡಿದಳು. ಖಾತೆ ತೆರೆದಿದೆ, ಮೂರನೆಯ ಕೆಂಪು ಗುರುತು ಅಳಿಸಿದೆ. ಹಳೆಯ ಎರಡು ಹಾಗೇ ಇವೆ, ಅವುಗಳ ಕಮಿಷನ್ನೂ ಹಾಗೇ ಇದೆ. “ಈಗಲೂ ‘ಇಬ್ಬರೂ ಒಪ್ಪಿ’ ಒತ್ತಿದ್ರೆ ಎರಡೂ ಅಳಿಸಿ ದುಡ್ಡು ವಾಪಸ್ ಮಾಡ್ತೀವಿ ಸರ್. ಇಲ್ಲದಿದ್ರೆ ಇನ್ನೊಂದು ಬಿದ್ರೆ ಮತ್ತೆ ಬಂದ್ ಆಗುತ್ತೆ.”

“ನಾಲ್ಕನೇ ಬಟನ್ ಯಾವಾಗ ಇಡ್ತೀರಮ್ಮ? ‘ಕೊಂಡವನು ದುಡ್ಡು ಕೊಡಲಿಲ್ಲ’ ಅಂತ?”

“ಅದು ನನ್ನ ಕೈಲಿಲ್ಲ ಸರ್. ಮೇಲಿನವರಿಗೆ ಹೇಳ್ತೀನಿ.”

“ಹೇಳು. ಅದು ಬಂದ ದಿನ ಒತ್ತೀನಿ. ಅಲ್ಲಿವರೆಗೆ ಆ ಕೆಂಪು ಬೊಟ್ಟು ಎರಡೂ ನನ್ನ ಹಣೆ ಮೇಲಿರ್ಲಿ, ಚೆನ್ನಾಗಿ ಕಾಣ್ತವೆ.”

ಅಕ್ಕ ಫೋನು ತೆಗೆದುಕೊಂಡು ಪರದೆಯ ಮೇಲೆ ಹೆಬ್ಬೆರಳು ಹಿಡಿದಳು. “ಒತ್ತಿಬಿಡ್ಲಾ?”

“ಒತ್ತು ನೋಡೋಣ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಕ್ಕ ಹೆಬ್ಬೆರಳು ತೆಗೆದು, “ನಮ್ಮಪ್ಪ ಸತ್ತಿಲ್ಲ ಬಿಡು, ಸ್ಟೂಲಿನ ಮೇಲೆ ಕೂತಿದ್ದಾನೆ” ಎಂದು ಗೊಣಗುತ್ತ ಕಪ್ಪು ಲಂಗವನ್ನು ಮೇಜಿನ ಮೇಲೆ ಹಾಸಿದಳು. ವೈಸಿನಲ್ಲಿದ್ದ ಆ ಸಣ್ಣ ಬೀಗ ತಯಾರಾಗಿತ್ತು. ಫೋಟೋ ಹಿಡಿದು, ಕೆಳಗೆ ಏನು ಬರೆಯಲಿ ಎಂದು ಕೇಳಿದಳು.

ಅವನು ಹೇಳಿದ್ದನ್ನು ಅವಳು ಒಂದಕ್ಷರ ತಿದ್ದದೆ ಬರೆದಳು: ‘ಸಣ್ಣ ಹಿತ್ತಾಳೆ ಬೀಗ. ಒಳಗೆಲ್ಲ ಹೊಸದು. ಕೈಯಲ್ಲಿ ದುಡ್ಡಿದ್ದವರು ಕೂಗಿ. ಇಲ್ಲದವರು ಕೂಗಿದರೆ ಬೀಗ ಬರುತ್ತದೆ, ಕೀಲಿ ಬರುವುದಿಲ್ಲ.’

ಕೀಲಿಯನ್ನು ಅವನು ಆಗಲೇ ಮೊಳೆಗೆ ತಗುಲಿಸಿದ್ದ.